ಮೊದಲು ತಂತಿಗೆ ಕಿವಿಗೊಡಿ

ನಿನ್ನೆ ಸಂಜೆ ನೀವು ಫೋನ್ ಮಾಡಿ ಕಾಲು ಗಂಟೆ ಮನೆಯ ಇಂಟರ್‌ನೆಟ್ಟಿನ ಗೋಳು ಹೇಳಿಕೊಂಡಿರಿ. ಮಗಳ ಆನ್‌ಲೈನ್ ಪಾಠ ನಡುವೆಯೇ ನಿಂತುಹೋಗುತ್ತದೆ, ಕರೆಂಟ್ ಬಿಲ್ ಕಟ್ಟಲು ಕೂತರೆ ಚಕ್ರ ಸುತ್ತುತ್ತಲೇ ಇರುತ್ತದೆ, ಮೋಡೆಮ್ ಬದಲಿಸಿ ಎರಡು ಸಾವಿರ ಕಳೆದುಕೊಂಡದ್ದೇ ಬಂತು. ನಾನು ಹೂಂಗುಟ್ಟುತ್ತಿದ್ದೆ. ಕಿವಿ ಮಾತ್ರ ನಿಮ್ಮ ಮಾತಿನ ಹಿಂದಿದ್ದ ಸದ್ದಿನ ಮೇಲಿತ್ತು. ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿಯುವ ಹಾಗೆ ಚಟಚಟ. ಅಷ್ಟು ಹೊತ್ತು ರಿಸೀವರನ್ನು ಕಿವಿಗೆ ಒತ್ತಿಕೊಂಡಿದ್ದ ನಿಮಗೆ ಅದು ಕೇಳಿಸಲೇ ಇಲ್ಲ! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು.

ಬೇಜಾರು ಮಾಡಿಕೊಳ್ಳಬೇಡಿ. ವಾರಕ್ಕೆ ಇಂಥ ಮೂರು ಫೋನಾದರೂ ನನಗೆ ಬರುತ್ತವೆ. ನಾನು ಒಂದು ಕಾಲದಲ್ಲಿ ತಾಲ್ಲೂಕಿನ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ದೂರದ ಊರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ ಅದು. ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ವರ್ಷಾನುಗಟ್ಟಲೆ ತಂತಿಯ ಸದ್ದು ಕೇಳಿದ್ದೇನೆ. ಆಗುಂಬೆ ಕಡೆಯ ಲೈನ್ ಕರಕರ ಎಂದರೆ ಅಲ್ಲಿ ಮಳೆ ಹಿಡಿಯಿತು ಎಂದು ಕೂತಲ್ಲೇ ಗೊತ್ತಾಗುತ್ತಿತ್ತು. ಆ ಕೆಲಸ ಹೋಯಿತು, ಕಿವಿ ಮಾತ್ರ ಉಳಿಯಿತು. ಮನೆಗೆ ಬ್ರಾಡ್‌ಬ್ಯಾಂಡ್ ಬಂದಮೇಲೆ ತಿಳಿದದ್ದು ಇಷ್ಟು: ನೆಟ್ ನಿಧಾನವಾದರೆ ಎಲ್ಲರೂ ಪರದೆ ನೋಡುತ್ತಾರೆ, ಮೋಡೆಮ್ ನೋಡುತ್ತಾರೆ. ತಂತಿಗೆ ಕಿವಿಗೊಡುವವರು ಯಾರೂ ಇಲ್ಲ.

ಮನೆಗೆ ಫೈಬರ್ ಬಂದಿರುವವರು ಈ ಪುಟ ತಿರುವಿ ಹಾಕಬಹುದು. ಇದು ಇನ್ನೂ ಕಂಬದಿಂದ ಕಂಬಕ್ಕೆ, ತೋಟದ ಮೇಲಿಂದ, ಹಲಸಿನ ಕೊಂಬೆ ಸವರಿಕೊಂಡು ಬರುವ ತಾಮ್ರದ ತಂತಿಯನ್ನೇ ನಂಬಿರುವ ನನ್ನಂಥವರಿಗೆ.

ಆ ತಂತಿ ಏನು ಹೊರುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಮನೆಗೆ ಬರುವುದು ಒಂದು ಜೋಡಿ ಎಳೆ. ಕಂಬದ ಆಚೆ, ನೆಲದಡಿಯ ಕೇಬಲ್ಲಿನಲ್ಲಿ, ಎಳೆಯ ದಪ್ಪ ಅರ್ಧ ಮಿಲಿಮೀಟರ್ ಇದ್ದರೆ ಹೆಚ್ಚು. ನಮ್ಮ ಕಡೆಯ ಬಸ್ಸು ನೋಡಿದ್ದೀರಲ್ಲ, ಒಳಗೆ ಜನ, ಟಾಪಿನ ಮೇಲೆ ಅಡಿಕೆ ಮೂಟೆ, ಬಸ್ಸು ಒಂದೇ. ಮಾತು ಒಳಗೆ ಕೂತು ಹೋಗುತ್ತದೆ, 300ರಿಂದ 3,400 ಹರ್ಟ್ಸ್ ಆವರ್ತನದಲ್ಲಿ. ನೆಟ್ ಟಾಪಿನ ಮೇಲೆ, ಸುಮಾರು 26 ಕಿಲೋಹರ್ಟ್ಸ್‌ನಿಂದ ಶುರುವಾಗಿ ಎಡಿಎಸ್‌ಎಲ್ ಎಂಬ ಮೊದಲಿನ ಪದ್ಧತಿಯಲ್ಲಿ 1,104 ಕಿಲೋಹರ್ಟ್ಸ್‌ವರೆಗೆ, ಆಮೇಲೆ ಬಂದ ಎಡಿಎಸ್‌ಎಲ್ 2 ಪ್ಲಸ್‌ನಲ್ಲಿ 2,208ರವರೆಗೆ. ಆ ಟಾಪನ್ನು ನೂರಾರು ಸಣ್ಣ ಪಾಲು ಮಾಡಿದ್ದಾರೆ, ಮೊದಲಿನದರಲ್ಲಿ 256, ಆಮೇಲಿನದರಲ್ಲಿ 512. ಮೋಡೆಮ್ ಹತ್ತಿಕೊಂಡಾಗಲೆಲ್ಲ ಒಂದೊಂದು ಪಾಲಿನಲ್ಲೂ ಎಷ್ಟು ಗದ್ದಲ ಇದೆ ಎಂದು ನೋಡಿ, ಅದಕ್ಕೆ ತಕ್ಕ ಹಾಗೆ ಮೂಟೆ ಹೇರುತ್ತದೆ. ಗದ್ದಲ ಜಾಸ್ತಿ ಇದ್ದಲ್ಲಿ ಹೊರೆ ಕಡಿಮೆ. ಅದೇ ನಿಮ್ಮ ‘ನಿಧಾನ’. ಹೇರಿ ಹೊರಟಮೇಲೆ ಗದ್ದಲ ಏಕಾಏಕಿ ಹೆಚ್ಚಿದರೆ ಮೂಟೆ ಉರುಳಿ ಬೀಳುತ್ತದೆ, ಮೋಡೆಮ್ ಎಲ್ಲ ಬಿಟ್ಟು ಮೊದಲಿಂದ ತೂಗಲು ಕೂರುತ್ತದೆ. ಡಿಎಸ್‌ಎಲ್ ಎಂದು ಬರೆದ ದೀಪ ಮಿಣುಕಲು ಶುರುವಾಯಿತೆಂದರೆ ಅದೇ ಆಗುತ್ತಿದೆ ಎಂದು ತಿಳಿಯಿರಿ. ಇಲ್ಲಿ ಮೋಡೆಮ್ಮಿನ ತಪ್ಪೇನಿದೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಿರಿ, ಎರಡು ಸಾವಿರ ಖರ್ಚು ಮಾಡಿ.

ಈಗ ಕೇಳುವ ಕೆಲಸ. ಕಾರ್ಡ್‌ಲೆಸ್ ಫೋನ್ ಬೇಡ, ಅದಕ್ಕೆ ಅದರದೇ ಸುಸ್ ಸದ್ದು ಇರುತ್ತದೆ. ಸುರುಳಿ ವೈರಿನ ಹಳೆಯ ಫೋನನ್ನೇ ಅಟ್ಟದಿಂದ ಇಳಿಸಿ. ಟಿವಿ ಆರಿಸಿ, ಫ್ಯಾನ್ ನಿಲ್ಲಿಸಿ, ಮಕ್ಕಳಿಗೆ ಎರಡು ನಿಮಿಷ ಸುಮ್ಮನಿರಲು ಹೇಳಿ. ರಿಸೀವರ್ ಎತ್ತಿದರೆ ಡಯಲ್ ಟೋನ್ ಬರುತ್ತದೆ. ಯಾವುದಾದರೂ ಒಂದೇ ಒಂದು ಅಂಕಿ ಒತ್ತಿ. ಟೋನ್ ನಿಂತು ಕೆಲವು ಸೆಕೆಂಡು ಲೈನ್ ಖಾಲಿಯಾಗುತ್ತದೆ. ಆ ಖಾಲಿಯನ್ನು ಕೇಳಿ. ಒಳ್ಳೆಯ ಲೈನಾದರೆ ಮಧ್ಯಾಹ್ನದ ದೇವಸ್ಥಾನದಷ್ಟು ನಿಶ್ಶಬ್ದವಾಗಿರುತ್ತದೆ. ಕೇಳುತ್ತಿರುವಾಗಲೇ ಫೋನಿನ ವೈರನ್ನು ಮೆಲ್ಲಗೆ ಅಲ್ಲಾಡಿಸಿ, ಗೋಡೆಯ ಮೇಲಿನ ರೋಸೆಟ್ ಡಬ್ಬಿಯನ್ನು ಬೆರಳಿನಿಂದ ತಟ್ಟಿ. ಬೆಳಿಗ್ಗೆ ಒಮ್ಮೆ, ಮಳೆ ಬಂದು ನಿಂತಮೇಲೆ ಒಮ್ಮೆ ಕೇಳಿ. ಒಂದೇ ಸಲ ಕೇಳಿ ತೀರ್ಪು ಕೊಡಬೇಡಿ.

ಸದ್ದಿನಲ್ಲಿ ಜಾತಿಗಳಿವೆ, ಒಂದೊಂದೂ ಒಂದೊಂದು ಊರಿನ ಹೆಸರು ಹೇಳುತ್ತದೆ.

ಚಟಚಟ, ಕರಕರ ಎಂದರೆ ಎಲ್ಲೋ ಜಾಯಿಂಟ್ ಸಡಿಲವಾಗಿದೆ ಅಥವಾ ಕಿಲುಬು ಹಿಡಿದಿದೆ. ತಾಮ್ರದ ಬಿಂದಿಗೆಯನ್ನು ನಾಲ್ಕು ದಿನ ಹುಣಸೆಹಣ್ಣು ಹಾಕಿ ತಿಕ್ಕದಿದ್ದರೆ ಏನಾಗುತ್ತದೆ ನಿಮಗೆ ಗೊತ್ತು. ಕಂಬದ ಮೇಲೆ ಎರಡು ಎಳೆಯನ್ನು ಕೈಯಲ್ಲಿ ತಿರುಚಿ ಕಪ್ಪು ಟೇಪ್ ಸುತ್ತಿ ಬಿಟ್ಟ ಜಾಯಿಂಟನ್ನು ಯಾರು ತಿಕ್ಕುತ್ತಾರೆ? ನಾಲ್ಕು ಮಳೆಗಾಲ ಕಂಡ ಜಾಯಿಂಟ್ ಬಿಚ್ಚಿ ನೋಡಿದರೆ ಒಳಗೆಲ್ಲ ಹಸಿರು ಪುಡಿ. ಇಂಥ ಲೈನಿಗೆ ಒಂದು ವಿಚಿತ್ರ ಗುಣವುಂಟು. ಯಾರಿಗಾದರೂ ಫೋನ್ ಮಾಡಿ ಐದು ನಿಮಿಷ ಮಾತಾಡಿ ಇಟ್ಟಮೇಲೆ ಕೆಲವೊಮ್ಮೆ ನೆಟ್ ಸ್ವಲ್ಪ ಹೊತ್ತು ಚೆನ್ನಾಗಿ ಓಡುತ್ತದೆ. ಮಾತಾಡುವಾಗ ಹರಿಯುವ ವಿದ್ಯುತ್ತು ಕಿಲುಬನ್ನು ಭೇದಿಸಿ ತಾತ್ಕಾಲಿಕವಾಗಿ ದಾರಿ ಮಾಡಿಕೊಂಡಿರುತ್ತದೆ, ಅಷ್ಟೇ. ಅದನ್ನೇ ಔಷಧಿ ಎಂದುಕೊಂಡು ದಿನಾ ನನಗೆ ಫೋನ್ ಮಾಡುತ್ತಾ ಕೂರಬೇಡಿ. ಮಾಡಿದರೆ ನನಗೇನೋ ಸಂತೋಷವೇ, ಜಾಯಿಂಟ್ ಮಾತ್ರ ಅದರಿಂದ ವಾಸಿಯಾಗುವುದಿಲ್ಲ.

ಗುಂಯ್ ಎಂದು ಒಂದೇ ಸಮ ಜೇನುಹುಳದ ಹಾಗೆ ಕೇಳಿದರೆ ಎರಡು ಎಳೆಗಳಲ್ಲಿ ಒಂದು ನೆಲಕ್ಕೆ ಸೋರುತ್ತಿದೆ ಎನ್ನಿ. ಒದ್ದೆ ಮರಕ್ಕೆ ಉಜ್ಜಿ ಉಜ್ಜಿ ಪ್ಲಾಸ್ಟಿಕ್ ಸವೆದಿರುತ್ತದೆ, ತಾಮ್ರ ಮರಕ್ಕೆ ತಾಗಿರುತ್ತದೆ. ಜೋಡಿಯ ಸಮತೋಲ ತಪ್ಪಿದ ಕೂಡಲೇ ಅಕ್ಕಪಕ್ಕದ ಕರೆಂಟ್ ಲೈನಿನ 50 ಹರ್ಟ್ಸ್ ಗುನುಗು ಒಳಗೆ ಬರುತ್ತದೆ. ಈ ಎಳೆಗಳನ್ನು ಬತ್ತಿ ಹೊಸೆದ ಹಾಗೆ ಒಂದಕ್ಕೊಂದು ಹೊಸೆದಿರುವುದೇ ಹೊರಗಿನ ಸದ್ದು ಎರಡಕ್ಕೂ ಸಮನಾಗಿ ತಾಗಿ ಕಳೆದುಹೋಗಲಿ ಎಂದು. ಗ್ರಹಾಂ ಬೆಲ್ 1881ರಲ್ಲೇ ಕಂಡುಕೊಂಡ ಉಪಾಯ ಇದು. ನೀವೋ, ಉಳಿದಿದೆಯಲ್ಲ ಎಂದು ಬಲ್ಬಿಗೆ ಹಾಕುವ ಚಪ್ಪಟೆ ವೈರನ್ನು ಹತ್ತು ಮೀಟರ್ ಎಳೆದು ಮಹಡಿ ಕೋಣೆಗೆ ಮೋಡೆಮ್ ಒಯ್ದಿದ್ದೀರಿ!

ಬೇರೆಯವರ ಮಾತು ಸಣ್ಣಗೆ ಕೇಳುತ್ತಿದ್ದರೆ ನಿಮ್ಮ ಮನೆಯಲ್ಲಿ ಹುಡುಕಿ ಪ್ರಯೋಜನವಿಲ್ಲ, ರಸ್ತೆ ಬದಿಯ ಪಿಲ್ಲರ್ ಡಬ್ಬಿಯಲ್ಲೋ ನೆಲದೊಳಗಿನ ಕೇಬಲ್ಲಿನಲ್ಲೋ ನೀರು ಸೇರಿರಬೇಕು. ಅವರ ಮಾತು ಕೇಳುತ್ತಾ ನಿಲ್ಲಬೇಡಿ, ಅದು ಮರ್ಯಾದೆಯಲ್ಲ. ಆಪರೇಟರ್ ಆಗಿದ್ದಾಗ ನಮಗೆ ಮೊದಲ ದಿನ ಹೇಳಿಕೊಟ್ಟ ಪಾಠ ಅದೇ.

ಫೋನ್ ಪೂರ್ತಿ ಸತ್ತಿದೆ, ಆದರೂ ನೆಟ್ ಕುಂಟುತ್ತಾ ಬರುತ್ತಿದೆ ಎಂದು ಕೆಲವರು ಆಶ್ಚರ್ಯಪಡುತ್ತಾರೆ. ಜೋಡಿಯಲ್ಲಿ ಒಂದು ಎಳೆ ತುಂಡಾಗಿದೆ. ಮಾತಿಗೆ ಎರಡೂ ಎಳೆ ಬೇಕೇ ಬೇಕು, ನೆಟ್ಟಿನ ಮೇಲಿನ ಆವರ್ತನ ಒಂಟಿ ಕಾಲಿನಲ್ಲೂ ಸ್ವಲ್ಪ ದೂರ ಕುಂಟುತ್ತದೆ. ‘ನೆಟ್ ಬರುತ್ತಿದೆಯಲ್ಲ, ಫೋನ್ ಯಾರಿಗೆ ಬೇಕು’ ಎಂದು ಸುಮ್ಮನಿದ್ದರೆ ಇವತ್ತಲ್ಲ ನಾಳೆ ಅದೂ ಹೋಗುತ್ತದೆ.

ಇನ್ನೊಂದು ಸದ್ದು ನಮ್ಮ ಮಲೆನಾಡಿನದೇ. ಟಕ್, ಟಕ್, ಟಕ್ ಎಂದು ಹೆಚ್ಚುಕಡಿಮೆ ಸೆಕೆಂಡಿಗೊಂದು. ಕಾಡುಹಂದಿಗೆಂದು ತೋಟದ ಸುತ್ತ ಹಾಕಿದ ಸೋಲಾರ್ ಬೇಲಿ ಅದು. ಬೇಲಿಯ ತಂತಿಗೆ ಹುಲ್ಲು ಬಳ್ಳಿ ತಾಗಿದ್ದರೆ, ಅರ್ಥಿಂಗ್ ಸರಿಯಿಲ್ಲದಿದ್ದರೆ, ಹಂದಿಗೆ ಹೊಡೆಯಬೇಕಾದ ಪೆಟ್ಟು ನಿಮ್ಮ ಲೈನಿಗೂ ಹೊಡೆಯುತ್ತದೆ. ನಮ್ಮ ಮನೆಯಲ್ಲಿ ಹೀಗಾಗಿ ಎರಡು ತಿಂಗಳು ಎಕ್ಸ್‌ಚೇಂಜಿನವರನ್ನು ಬೈದುಕೊಂಡಿದ್ದೆ. ಕೊನೆಗೆ ಬೇಲಿಯ ಬುಡದ ಹುಲ್ಲು ಸವರಿಸಿ, ಅರ್ಥಿಂಗ್ ಸಲಾಕೆಯನ್ನು ಫೋನ್ ತಂತಿಯಿಂದ ದೂರ ಹೂಳಿಸಿದ ದಿನ ಟಕ್ ನಿಂತಿತು. ಬೈದದ್ದನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲವಲ್ಲ, ಲೈನ್‌ಮನ್ ಬಂದಾಗ ಒಂದು ಲೋಟ ಹೆಚ್ಚಿಗೆ ಮಜ್ಜಿಗೆ ಕೊಟ್ಟೆ.

ಕೇಳಿದ್ದಾಯಿತು. ಇನ್ನು ದೋಷ ಮನೆಯೊಳಗಿನದೋ ಹೊರಗಿನದೋ ತೀರ್ಮಾನಿಸಬೇಕು. ಹೊರಗಿನವರನ್ನು ಕರೆಯುವ ಮೊದಲು ಒಳಗಿನದನ್ನು ನೀವೇ ನೋಡಿ, ಇಲ್ಲದಿದ್ದರೆ ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾಗುತ್ತದೆ. ತಂತಿ ಮನೆಯೊಳಗೆ ಕಾಲಿಡುವ ಮೊದಲನೇ ಡಬ್ಬಿ ಎಲ್ಲಿದೆ ಹುಡುಕಿ. ಅದರಿಂದಾಚೆ ಇರುವುದನ್ನೆಲ್ಲ ಕಳಚಿ: ಅಡುಗೆಮನೆಯ ಫೋನ್, ಮಾವನವರ ಮಂಚದ ಪಕ್ಕದ ಫೋನ್, ಕಾಲರ್ ಐಡಿ ಪೆಟ್ಟಿಗೆ ಎಲ್ಲವನ್ನೂ. ಮೋಡೆಮ್ ಒಂದನ್ನೇ ಆ ಡಬ್ಬಿಗೆ ನೇರವಾಗಿ, ಒಂದು ಗಿಡ್ಡ ವೈರಿನಲ್ಲಿ ಸಿಕ್ಕಿಸಿ. ಕಂಪ್ಯೂಟರನ್ನು ವೈಫೈ ಬಿಟ್ಟು ಕೇಬಲ್ಲಿನಿಂದ ಮೋಡೆಮ್ಮಿಗೆ ಜೋಡಿಸಿ. ಒಂದು ದಿನ ಹಾಗೇ ಬಿಡಿ. ನೆಟ್ ಗಟ್ಟಿಯಾಗಿ ನಿಂತರೆ ಕಳ್ಳ ಮನೆಯೊಳಗಿದ್ದಾನೆ. ಆಮೇಲೆ ಒಂದೊಂದನ್ನೇ ಸೇರಿಸುತ್ತಾ ಬನ್ನಿ. ಒಂದೊಂದನ್ನೇ ಎಂದರೆ ಒಂದೊಂದನ್ನೇ. ನೀವು ಒಂದೇ ಮಧ್ಯಾಹ್ನ ಮೋಡೆಮ್, ಸ್ಪ್ಲಿಟರ್, ವೈರ್ ಮೂರನ್ನೂ ಬದಲಿಸಿ, ಯಾವುದರಿಂದ ಸರಿಯಾಯಿತು ಎಂದು ನನ್ನನ್ನು ಕೇಳುತ್ತೀರಿ. ಪಲ್ಯಕ್ಕೆ ಉಪ್ಪು, ಹುಳಿ, ಖಾರ ಒಟ್ಟಿಗೆ ಸುರಿದು ಯಾವುದು ಜಾಸ್ತಿಯಾಯಿತು ಎಂದು ಕೇಳಿದರೆ ನಾನೇನು ಹೇಳಲಿ?

ಹೆಚ್ಚಿನ ಮನೆಗಳಲ್ಲಿ ಸಿಕ್ಕಿಬೀಳುವವನು ಸ್ಪ್ಲಿಟರ್. ಮಾತನ್ನೂ ನೆಟ್ಟನ್ನೂ ಬೇರ್ಪಡಿಸುವ, ಬೆಂಕಿಪೊಟ್ಟಣದಷ್ಟಿರುವ ಆ ಡಬ್ಬಿಗೆ ಮೂರು ತೂತು, ಲೈನ್, ಫೋನ್, ಮೋಡೆಮ್ ಎಂದು ಬರೆದಿರುತ್ತದೆ. ಕನ್ನಡಕ ಹಾಕಿಕೊಂಡು ಓದಿ. ಅದಲುಬದಲಾಗಿದ್ದರೆ ಫೋನ್ ರಿಂಗ್ ಆದಾಗಲೆಲ್ಲ ನೆಟ್ ಬೀಳುತ್ತದೆ, ಇಲ್ಲವೇ ಫೋನಿನಲ್ಲಿ ಸುಸ್ ಎಂದು ಹಾವಿನ ಸದ್ದು ಬರುತ್ತದೆ. ಮುಖ್ಯ ಫೋನಿಗೆ ಸ್ಪ್ಲಿಟರ್ ಹಾಕಿ ಮಹಡಿಯ ಫೋನನ್ನು ಹಾಗೇ ಬಿಟ್ಟರೂ ಅದೇ ಕಥೆ. ಮನೆಯಲ್ಲಿ ಎಷ್ಟು ಫೋನ್ ಇದೆಯೋ ಅಷ್ಟಕ್ಕೂ ಇಂಥ ಫಿಲ್ಟರ್ ಬೇಕು. ಬಾಗಿಲು ಒಂದಕ್ಕೆ ಅಗುಳಿ ಹಾಕಿ ಇನ್ನೊಂದನ್ನು ತೆರೆದಿಟ್ಟು ಮಲಗುತ್ತೀರಾ?

ಹಳೆಯ ಮನೆಗಳಲ್ಲಿ ಇನ್ನೊಂದು ಪೀಡೆ ಉಂಟು. ಅಪ್ಪನ ಕಾಲದಲ್ಲಿ ಎಳೆಸಿದ ಎಕ್ಸ್‌ಟೆನ್ಶನ್. ಈಗ ಅಲ್ಲಿ ಫೋನಿಲ್ಲ, ತಂತಿ ಮಾತ್ರ ಗೋಡೆಗುಂಟ ಹೋಗಿ ಕಪಾಟಿನ ಹಿಂದೆ ಮುಗಿಯುತ್ತದೆ. ಫೋನ್ ಇಲ್ಲದಮೇಲೆ ಅದರಿಂದೇನು ಎನ್ನಬೇಡಿ. ಸಿಗ್ನಲ್ ಆ ಕೊಂಬೆಗೂ ಹೋಗಿ, ಕೊನೆ ಮುಟ್ಟಿ, ಬಾವಿಯೊಳಗೆ ಕೂಗಿದ ಕೂಗಿನಂತೆ ತಿರುಗಿ ಬರುತ್ತದೆ. ಮೂಲ ಸಿಗ್ನಲ್ಲಿಗೆ ಅಡ್ಡಗಾಲು. ಬಳಸದ ಕೊಂಬೆಗಳನ್ನು ಮೊದಲ ಡಬ್ಬಿಯಲ್ಲೇ ಕಳಚಿಬಿಡಿ. ಡಬ್ಬಿ ಬಿಚ್ಚಿದಾಗ ಒಳಗೆ ಇರುವೆ ಗೂಡು ಕಟ್ಟಿದೆಯೇ ನೋಡಿ, ನಗಬೇಡಿ, ಎಷ್ಟೋ ಮನೆಯಲ್ಲಿ ಸಿಕ್ಕಿದೆ. ಒಣ ಬ್ರಷ್ಷಿನಿಂದ ಗುಡಿಸಿ, ಎಣ್ಣೆ ನೀರು ಏನೂ ಬೇಡ. ಒದ್ದೆ ಕೈಯಲ್ಲಿ ಮುಟ್ಟಲೇಬೇಡಿ. ಲೈನಿನಲ್ಲಿ ಸುಮ್ಮನಿದ್ದಾಗ 48 ವೋಲ್ಟ್ ಇರುತ್ತದೆ, ಸರಿ. ಅದೇ ಹೊತ್ತಿಗೆ ಯಾರಾದರೂ ಫೋನ್ ಮಾಡಿದರೆ ರಿಂಗಿನ ವೋಲ್ಟೇಜ್ ಎಪ್ಪತ್ತು ಎಂಬತ್ತಕ್ಕೂ ಏರಿ ಝುಂ ಎನಿಸುತ್ತದೆ.

ನಿಮ್ಮ ಷೋಕೇಸಿನ ಬಗ್ಗೆಯೂ ಹೇಳಿಬಿಡುತ್ತೇನೆ. ಮೋಡೆಮ್ಮಿಗೆ ಧೂಳು ಕೂರದಿರಲಿ ಎಂದು ಕ್ರೋಷಾ ಬಟ್ಟೆ ಹೊದಿಸಿದ್ದೀರಿ. ಹೆಣೆದ ಕೈಗೆ ನನ್ನ ನಮಸ್ಕಾರ, ಬಟ್ಟೆ ತೆಗೆಯಿರಿ. ಅದು ಹಗಲಿರುಳು ಬಿಸಿಯಾಗುವ ಯಂತ್ರ, ಗಾಳಿ ಬೇಕು. ಬಿಸಿಯಾಗಿ ಕೆಟ್ಟರೂ ನೀವು ಲೈನನ್ನೇ ಬೈಯುತ್ತೀರಿ. ಹಿಂದಿರುವ ಸಣ್ಣ ತೂತಿಗೆ ಪಿನ್ನು ಚುಚ್ಚಬೇಡಿ. ಅದು ಆಫ್ ಮಾಡಿ ಆನ್ ಮಾಡುವ ಗುಂಡಿಯಲ್ಲ. ಒಳಗಿನ ಯೂಸರ್‌ನೇಮ್ ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತದೆ, ಮತ್ತೆ ತುಂಬಿಸಲು ಯಾರನ್ನಾದರೂ ಕಾಡಬೇಕಾಗುತ್ತದೆ. ಆ ಯೂಸರ್‌ನೇಮ್ ಪಾಸ್‌ವರ್ಡನ್ನು ಇವತ್ತೇ ಒಂದು ಚೀಟಿಯಲ್ಲಿ ಬರೆದು, ರೇಷನ್ ಕಾರ್ಡ್ ಇಡುವ ಜಾಗದಲ್ಲಿಡಿ.

ಮನೆಯೊಳಗಿನ ಗದ್ದಲ ಹಿಡಿಯಲು ನನ್ನದೊಂದು ಅಗ್ಗದ ಉಪಕರಣ ಇದೆ. ಹಳೆಯ ಟ್ರಾನ್ಸಿಸ್ಟರ್. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್, ಧಾರವಾಡ 765. ನೆಟ್ ಓಡುವ ಆವರ್ತನಗಳೂ ಇದೇ ಬೀದಿಯವು. ಅಂದರೆ ಮೀಡಿಯಂ ವೇವ್ ರೇಡಿಯೋಗೆ ಏನು ತೊಂದರೆ ಕೊಡುತ್ತದೋ ಅದು ನೆಟ್ಟಿಗೂ ತೊಂದರೆ ಕೊಡಬಲ್ಲದು. ರೇಡಿಯೋ ಮುಳ್ಳನ್ನು ಎರಡು ಸ್ಟೇಷನ್ನುಗಳ ನಡುವಿನ ಖಾಲಿ ಜಾಗಕ್ಕೆ ತಿರುಗಿಸಿ, ಅದನ್ನು ಕೈಯಲ್ಲಿ ಹಿಡಿದು ಮನೆ ಸುತ್ತಿ. ಅಗ್ಗದ ಎಲ್‌ಇಡಿ ಬಲ್ಬಿನ ಕೆಳಗೆ ಗೊರ್ ಎನ್ನಬಹುದು, ಬೀದಿಯಲ್ಲಿ ಕೊಂಡ ಮೊಬೈಲ್ ಚಾರ್ಜರಿನ ಹತ್ತಿರ ಕಿರ್ ಎನ್ನಬಹುದು. ಮಿಕ್ಸಿ ಹಾಕಿದರಂತೂ ಅರಚುತ್ತದೆ. ಮಿಕ್ಸಿ ಎರಡು ನಿಮಿಷದ ಮಾತು, ಚಟ್ನಿ ಮುಖ್ಯ, ಬಿಡಿ. ಹಗಲೆಲ್ಲ ಉರಿಯುವ ಚಾರ್ಜರ್, ಅಡಾಪ್ಟರುಗಳ ಪಕ್ಕದಿಂದ ಮಾತ್ರ ಮೋಡೆಮ್ಮನ್ನೂ ಅದರ ವೈರನ್ನೂ ದೂರ ಇಡಿ. ಮೋಡೆಮ್ಮಿನ ಸ್ವಂತ ಅಡಾಪ್ಟರೇ ಹಳತಾಗಿ ಗೊರಗುಟ್ಟುವುದೂ ಉಂಟು.

ಸ್ವಲ್ಪ ಓದು ಬರಹ ಇರುವವರು ಇನ್ನೊಂದು ಹೆಜ್ಜೆ ಹೋಗಬಹುದು. ನನಗೆ ಇದನ್ನು ಕಲಿಸಿದ್ದು ಸೊಸೆ. ಬ್ರೌಸರಿನಲ್ಲಿ 192.168.1.1 ಎಂದು ಹೊಡೆದರೆ ಹೆಚ್ಚಿನ ಮೋಡೆಮ್ಮುಗಳ ಒಳಮನೆ ತೆರೆಯುತ್ತದೆ. ಏನನ್ನೂ ಬದಲಿಸಬೇಡಿ, ಸ್ಟೇಟಸ್ ಪುಟ ನೋಡಿ ಸಾಕು. ಅಲ್ಲಿ ಎಸ್‌ಎನ್‌ಆರ್ ಮಾರ್ಜಿನ್ ಎಂದಿರುತ್ತದೆ, ಈಗಿರುವ ವೇಗಕ್ಕೆ ಬೇಕಾದುದಕ್ಕಿಂತ ಎಷ್ಟು ಎತ್ತರದಲ್ಲಿ ಸಿಗ್ನಲ್ ಗದ್ದಲದ ಮೇಲೆ ನಿಂತಿದೆ ಎಂಬ ಲೆಕ್ಕ. ಹತ್ತು ಡೆಸಿಬೆಲ್ ಮೇಲಿದ್ದರೆ ನೆಮ್ಮದಿ. ಆರಕ್ಕಿಂತ ಕೆಳಗಿಳಿದರೆ ಯಾವಾಗ ಬೀಳುತ್ತದೋ ಹೇಳಲಾಗದು. ಇನ್ನೊಂದು ಅಟೆನ್ಯುಯೇಷನ್, ಎಕ್ಸ್‌ಚೇಂಜಿನಿಂದ ನಿಮ್ಮ ಮನೆಗೆ ಬರುವಷ್ಟರಲ್ಲಿ ಸಿಗ್ನಲ್ ಎಷ್ಟು ಸೊರಗಿದೆ ಎಂಬುದು. ಇದು ಚಿಕ್ಕದಿದ್ದಷ್ಟೂ ಒಳ್ಳೆಯದು, 60 ದಾಟಿದರೆ ಕಷ್ಟ. ಇದರಲ್ಲಿ ನೀವು ಮಾಡುವಂಥದ್ದು ಹೆಚ್ಚೇನಿಲ್ಲ, ಅದು ದೂರದ ಮಾತು. ಎಡಿಎಸ್‌ಎಲ್ 2 ಪ್ಲಸ್‌ನಲ್ಲಿ ಎಕ್ಸ್‌ಚೇಂಜಿನ ಮಗ್ಗುಲಲ್ಲಿ ಇದ್ದವರಿಗೆ 24 ಮೆಗಾಬಿಟ್‌ವರೆಗೆ ಸಿಗಬಹುದು. ನಾಲ್ಕೈದು ಕಿಲೋಮೀಟರ್ ದಾಟಿದ ತೋಟದ ಮನೆಗೆ ಒಂದೆರಡು ಸಿಕ್ಕರೆ ಪುಣ್ಯ. ಅಂಥಲ್ಲಿ ದುಬಾರಿ ಪ್ಲಾನ್ ತೆಗೆದುಕೊಂಡರೆ ಮೂಗಿಗಿಂತ ಮೂಗುತಿ ಭಾರ. ಹಾಸಿಗೆ ಇದ್ದಷ್ಟು ಕಾಲು ಚಾಚಿ.

ಎಲ್ಲ ನಿಧಾನವೂ ತಂತಿಯದ್ದಲ್ಲ ಎಂಬುದೂ ನೆನಪಿರಲಿ. ದೀಪ ಮಿಣುಕದೆ ಗಟ್ಟಿಯಾಗಿ ಉರಿಯುತ್ತಿದೆ, ಫೋನಿನಲ್ಲಿ ಸದ್ದಿಲ್ಲ, ಆದರೆ ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ ನಿಧಾನ ಎಂದರೆ ಊರೆಲ್ಲ ಒಟ್ಟಿಗೆ ಬಸ್ಸು ಹತ್ತಿದೆ ಎಂದರ್ಥ. ತಿಂಗಳ ಇಪ್ಪತ್ತರ ನಂತರ ಮಾತ್ರ ನಿಧಾನವೇ? ನಿಮ್ಮ ಪ್ಲಾನಿನ ಡೇಟಾ ಮುಗಿದಿದೆ, ಮಿತಿ ದಾಟಿದಮೇಲೆ ವೇಗ ಇಳಿಸುತ್ತಾರೆ. ಹುಡುಗರು ರಾತ್ರಿಯೆಲ್ಲ ಏನು ನೋಡುತ್ತಾರೆ ವಿಚಾರಿಸಿ. ಕೇಬಲ್ಲಿನಲ್ಲಿ ಚೆನ್ನಾಗಿ ಬಂದು ವೈಫೈನಲ್ಲಿ ಮಾತ್ರ ಬರದಿದ್ದರೆ ನಡುವೆ ಮಣ್ಣಿನ ದಪ್ಪ ಗೋಡೆ ಇದೆ, ಮೋಡೆಮ್ಮನ್ನು ನಡುಮನೆಗೆ ತನ್ನಿ. ಇನ್ನು 8 ಮೆಗಾಬಿಟ್ ಎಂದರೆ ಸೆಕೆಂಡಿಗೆ 1 ಮೆಗಾಬೈಟ್, ಎಂಟು ಅಲ್ಲ. ಈ ಒಂದು ಲೆಕ್ಕ ತಪ್ಪಿ ಎಷ್ಟು ಜನ ಜಗಳಕ್ಕೆ ಹೋಗಿದ್ದಾರೋ.

ಹೊರಗಿನ ತಂತಿಯಲ್ಲಿ ನಿಮ್ಮ ಅಂಗಳದವರೆಗಿನದನ್ನು ನೀವು ಕಾಯಬಹುದು. ಕಂಬದಿಂದ ಮನೆಗೆ ಬರುವ ಡ್ರಾಪ್ ವೈರ್ ಗೋಡೆಯ ತೂತಿಗೆ ಬರುವ ಮೊದಲು ಸ್ವಲ್ಪ ಕೆಳಗೆ ಜೋತು ಮೇಲೇರಿ ಒಳಗೆ ಹೋಗಬೇಕು, ಆಗ ಮಳೆನೀರು ಜೋತ ಜಾಗದಿಂದ ತೊಟ್ಟಿಕ್ಕುತ್ತದೆ. ನೇರ ಇಳಿಜಾರಾಗಿದ್ದರೆ ನೀರು ತಂತಿಗುಂಟ ಹರಿದು ಸೀದಾ ಡಬ್ಬಿಗೆ ಬಂದು ಬೀಳುತ್ತದೆ. ತಾಗುವ ಕೊಂಬೆಗಳನ್ನು ಮಳೆಗಾಲಕ್ಕೆ ಮುಂಚೆ ಸವರಿಸಿ, ಪಕ್ಕದಲ್ಲೇ ಕರೆಂಟ್ ತಂತಿ ಇದ್ದರೆ ಕತ್ತಿ ಹಿಡಿದು ನೀವು ಹತ್ತಬೇಡಿ, ಕಂಬವನ್ನಂತೂ ಹತ್ತಲೇಬೇಡಿ. ಮತ್ತೆ, ಆ ತಂತಿ ಅಂಗಳದ ಮೇಲೆ ಕೈಗೆಟಕುವ ಹಾಗೆ ಜೋತಿದೆ ಎಂದು ಒದ್ದೆ ಸೀರೆ ಒಣಗಲು ಹಾಕುತ್ತೀರಲ್ಲ, ನಾನು ಕಣ್ಣಾರೆ ನೋಡಿದ್ದೇನೆ. ಆರು ಗಜದ ಒದ್ದೆ ಸೀರೆ ಎಳೆದರೆ ಕಂಬದ ಮೇಲಿನ ಜಾಯಿಂಟ್ ಏನಾಗಬೇಕು ಹೇಳಿ.

ಗುಡುಗಿನ ಕಾಲದಲ್ಲಿ ಇನ್ನೂ ಎಚ್ಚರ ಬೇಕು. ಏಪ್ರಿಲ್, ಮೇ ತಿಂಗಳ ಮಳೆ ಸಿಡಿಲು ಹೊತ್ತೇ ಬರುತ್ತದೆ. ಹೆಚ್ಚಿನವರು ಕರೆಂಟಿನ ಪ್ಲಗ್ ಮಾತ್ರ ಕೀಳುತ್ತಾರೆ, ಫೋನಿನ ತಂತಿ ಹಾಗೇ ಇರುತ್ತದೆ. ಸಿಡಿಲಿನ ಹೊಡೆತ ಆ ತಂತಿಯಿಂದಲೇ ಬಂದು ಮೋಡೆಮ್ಮನ್ನು ಸುಟ್ಟು ಕಂಪ್ಯೂಟರಿಗೂ ದಾಟುತ್ತದೆ. ಎರಡನ್ನೂ ಕೀಳಿ. ಗುಡುಗು ತಲೆ ಮೇಲೆ ಬಂದಮೇಲೆ ವೈರು ಮುಟ್ಟಲು ಓಡಬೇಡಿ, ಮೋಡ ಕಪ್ಪಾದಾಗಲೇ ತೆಗೆದಿಡಿ. ಆ ಹೊತ್ತಿನಲ್ಲಿ ಸುರುಳಿ ವೈರಿನ ಫೋನಿನಲ್ಲಿ ಮಾತೂ ಬೇಡ. ಹಿಂದೆ ನಮ್ಮಲ್ಲಿ ತುರ್ತಿನ ದುಬಾರಿ ಟ್ರಂಕ್ ಕಾಲಿಗೆ ಲೈಟ್ನಿಂಗ್ ಕಾಲ್ ಎನ್ನುತ್ತಿದ್ದರು. ನಿಮಗೆ ನಿಜವಾದ ಲೈಟ್ನಿಂಗ್ ಕಾಲ್ ಬರುವುದು ಬೇಡ.

ದೋಷ ಹೊರಗಿನದು ಎಂದು ಖಾತ್ರಿಯಾದರೆ ದೂರು ಕೊಡಿ. ಕೊಡುವುದರಲ್ಲೂ ಒಂದು ರೀತಿ ಇದೆ. ‘ನೆಟ್ ನಿಧಾನ’ ಎಂದರೆ ಆ ಕಡೆಯ ಹುಡುಗಿ ಮೋಡೆಮ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾಳೆ, ಅವಳ ಮುಂದಿರುವ ಹಾಳೆಯಲ್ಲಿ ಹಾಗೇ ಬರೆದಿರುತ್ತದೆ. ‘ಫೋನಿನಲ್ಲಿ ಸದ್ದು ಬರುತ್ತಿದೆ, ಮಾತು ಕೇಳುತ್ತಿಲ್ಲ’ ಎಂದು ಲ್ಯಾಂಡ್‌ಲೈನಿನ ದೂರನ್ನೇ ಮೊದಲು ಕೊಡಿ. ಲೈನಿನ ಸದ್ದಿಗೆ ಲೈನ್‌ಮನ್ನೇ ಬರಬೇಕು. ಸದ್ದು ಹೋದರೆ ನೆಟ್ಟಿನ ಅರ್ಧ ರೋಗ ಹೋಯಿತು. ದೂರಿನ ಡಾಕೆಟ್ ನಂಬರ್ ಕೇಳಿ ಬರೆದುಕೊಳ್ಳದೆ ಫೋನ್ ಇಡಬೇಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗುರುತು ಹಾಕಿ: ಎಷ್ಟು ಹೊತ್ತಿಗೆ ನೆಟ್ ಹೋಯಿತು, ಮಳೆ ಇತ್ತೇ, ಫೋನ್ ರಿಂಗ್ ಆಗಿತ್ತೇ, ಪಂಪ್‌ಸೆಟ್ ಓಡುತ್ತಿತ್ತೇ. ಹತ್ತು ದಿನದ ಗುರುತು ನೋಡಿದರೆ ಲೈನ್‌ಮನ್ನಿಗೆ ಅರ್ಧ ಕೆಲಸ ಮುಗಿದಂತೆ. ‘ಯಾವಾಗಲೂ ಹೋಗುತ್ತದೆ’ ಎಂದರೆ ಅವನೇನು ಮಾಡಲಿ? ಅವನು ಬಂದ ಹೊತ್ತಿನಲ್ಲಿ ಅದು ಹೋಗಿರುವುದೇ ಇಲ್ಲ.

ಅವನು ಬಂದಾಗ ಜೊತೆಗೆ ನಿಂತುಕೊಳ್ಳಿ, ಏಣಿ ಹಿಡಿಯಿರಿ. ಹಳೆಯ ಜಾಯಿಂಟಿನ ಮೇಲೆ ಹೊಸ ಟೇಪ್ ಸುತ್ತಿ ಇಳಿದರೆ ಮೆತ್ತಗೆ ಕೇಳಿ: ‘ಕತ್ತರಿಸಿ ಹೊಸದಾಗಿ ಮಾಡಿಕೊಡುತ್ತೀರಾ? ಜಾಯಿಂಟನ್ನು ಡಬ್ಬಿಯೊಳಗೆ ತರಲು ಆಗುತ್ತದೆಯೇ? ನಮ್ಮ ಜೋಡಿಯನ್ನು ಬೇರೆ ಒಳ್ಳೆಯ ಜೋಡಿಗೆ ಬದಲಿಸಲು ಜಾಗ ಇದೆಯೇ?’ ಕೂಗಾಡಬೇಡಿ. ಒಬ್ಬನೇ ಎಷ್ಟೋ ಹಳ್ಳಿ ನೋಡಿಕೊಳ್ಳುತ್ತಾನೆ, ಮಳೆಗಾಲದಲ್ಲಿ ಅವನ ರೇನ್‌ಕೋಟ್ ಒಣಗುವುದೇ ಇಲ್ಲ. ಹೋಗುವ ಮುಂಚೆ ಅವನ ಎದುರಿಗೇ ಮತ್ತೆ ಒಂದಂಕಿ ಒತ್ತಿ ಇಬ್ಬರೂ ಕೇಳಿ. ಹಾಗಂತ ಬಾಯಿ ಮುಚ್ಚಿಕೊಂಡೂ ಇರಬೇಡಿ, ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದನಂತೆ. ದೂರು ಕೊಟ್ಟು ದಿನ ಕಳೆದರೂ ಯಾರೂ ಬರದಿದ್ದರೆ ಅದೇ ಡಾಕೆಟ್ ನಂಬರ್ ಹಿಡಿದು ಮೇಲ್ಮನವಿ ಹಾಕಬಹುದು. ಪ್ರತಿ ಕಂಪನಿಯೂ ಮೇಲ್ಮನವಿ ಪ್ರಾಧಿಕಾರ ಇಟ್ಟಿರಬೇಕು ಎಂಬುದು ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2012ರ ನಿಯಮ. ಫೋನ್ ಸತ್ತಿದ್ದ ದಿನಗಳಿಗೆ ಬಾಡಿಗೆಯಲ್ಲಿ ರಿಯಾಯಿತಿ ಉಂಟೇ ಎಂದೂ ಕೇಳಿ. ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಈ ತಾಮ್ರದ ಮೇಲೆ ನನಗೆ ಮಮತೆ ಇದೆ, ಆದರೂ ಅದರ ಕಾಲ ಮುಗಿಯುತ್ತಾ ಬಂದಿದೆ. ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಕನಿಷ್ಠ ವೇಗ ಎಷ್ಟಿರಬೇಕೆಂದು 2004ರಲ್ಲಿ ಸರ್ಕಾರ ಹೇಳಿದ್ದು 256 ಕಿಲೋಬಿಟ್. 2023ರಲ್ಲಿ ಅದು 2 ಮೆಗಾಬಿಟ್ ಆಯಿತು. ದೂರದ ತೋಟದ ಮನೆಗೆ ತಾಮ್ರದಲ್ಲಿ ಅದನ್ನು ಮುಟ್ಟುವುದೇ ಏದುಸಿರು. ನಿಮ್ಮ ರಸ್ತೆಗೆ ಫೈಬರ್ ಬಂದರೆ ಯೋಚಿಸಬೇಡಿ, ಹಾಕಿಸಿಕೊಳ್ಳಿ. ಗಾಜಿನ ಎಳೆಗೆ ಕಿಲುಬು ಹಿಡಿಯುವುದಿಲ್ಲ, ಬೇಲಿಯ ಟಕ್ ಕೇಳುವುದಿಲ್ಲ. ಒಂದು ಸಂಗತಿ ಮಾತ್ರ ಮರೆಯಬೇಡಿ. ತಾಮ್ರದ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಕರೆಂಟ್ ಬರುತ್ತಿತ್ತು, ಊರಿಗೆ ಕತ್ತಲಾದರೂ ಫೋನ್ ಜೀವಂತವಾಗಿರುತ್ತಿತ್ತು. ಫೈಬರಿನ ಪೆಟ್ಟಿಗೆಗೆ ನಿಮ್ಮ ಮನೆಯ ಕರೆಂಟೇ ಬೇಕು. ಆಷಾಢದಲ್ಲಿ ಮೂರು ದಿನ ಕರೆಂಟ್ ಹೋಗುವ ಊರು ನಮ್ಮದು. ಮನೆಯಲ್ಲಿ ವಯಸ್ಸಾದವರಿದ್ದರೆ ಆ ಪೆಟ್ಟಿಗೆಯ ಪ್ಲಗ್ಗನ್ನು ಮೊದಲ ದಿನವೇ ಯುಪಿಎಸ್ಸಿನ ಲೈನಿಗೆ ಹಾಕಿಸಿ.

ಹಳೆಯ ಡ್ರಾಪ್ ವೈರನ್ನು ಲೈನ್‌ಮನ್ ಬಿಚ್ಚಿ, ನಮಗೆ ಬೇಡ, ನೀವೇ ಇಟ್ಟುಕೊಳ್ಳಿ ಎಂದರೆ ಬಿಸಾಡಬೇಡಿ. ಅಂಗಳದ ಎರಡು ಅಡಿಕೆ ಮರಕ್ಕೆ ಬಿಗಿಯಾಗಿ ಕಟ್ಟಿ, ಅದರ ಮೇಲೆ ಎಷ್ಟು ಬೇಕಾದರೂ ಸೀರೆ ಒಣಗಿಸಿ. ಅಲ್ಲಿಯವರೆಗೆ ಒದ್ದೆ ಬಟ್ಟೆ ಬಚ್ಚಲುಮನೆಯ ಗಳುವಿನ ಮೇಲೇ ಇರಲಿ.